ನಾಡಿ ಹಿಡಿದು ಮನಸ್ಸನ್ನು ಓದಿದ ಹಕೀಮ: ಇಬ್ನ್ ಸೀನಾ

ಪರೀಕ್ಷೆಯ ದಿನ ಬೆಳಿಗ್ಗೆ ನಿಮ್ಮಲ್ಲಿ ಎಷ್ಟು ಮಂದಿಗೆ ಹೊಟ್ಟೆನೋವು ಬರುತ್ತದೆ? ಕೈ ತಣ್ಣಗಾಗುತ್ತದೆ, ಗಂಟಲು ಒಣಗುತ್ತದೆ, ತಿಂದ ತಿಂಡಿ ಒಳಗೆ ನಿಲ್ಲುವುದಿಲ್ಲ. ಮನೆಯವರು ಹೆದರಿ ವೈದ್ಯರ ಬಳಿ ಕರೆದುಕೊಂಡು ಹೋದರೆ ಎಲ್ಲವೂ ಸರಿಯಾಗಿದೆ ಎಂಬ ಉತ್ತರ ಸಿಗುತ್ತದೆ. ಹಾಗಾದರೆ ನೋವು ಸುಳ್ಳೇ?

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಉಕ್ತಲೇಖನ ಇರುವ ದಿನ ತಪ್ಪದೆ ಅವಳಿಗೆ ಹೊಟ್ಟೆನೋವು. ಮೂರನೆಯ ಸಲ ನಾನು ಎಲ್ಲರೆದುರು ಅವಳನ್ನು ಗದರಿಸಿ, ನಾಟಕ ಸಾಕೆಂದು ಹೇಳಿ ಬರೆಯಲು ಕೂರಿಸಿದೆ. ಅವಳು ಬೆಂಚಿನ ಮೇಲೆಯೇ ವಾಂತಿ ಮಾಡಿಕೊಂಡಳು. ಆ ದಿನದ ನಾಚಿಕೆ ನನ್ನಿಂದ ಇನ್ನೂ ಹೋಗಿಲ್ಲ. ಆಮೇಲೆ ಇಬ್ನ್ ಸೀನಾರ ಜೀವನವನ್ನು ಓದುವಾಗ, ಸಾವಿರ ವರ್ಷದ ಹಿಂದಿನ ಒಬ್ಬ ಹಕೀಮರು ಆ ಹುಡುಗಿಯನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಿದ್ದರು ಎಂದು ತಿಳಿಯಿತು. ಅವರ ಕಥೆಯನ್ನು ನಿಮಗೆ ಹೇಳಬೇಕೆನಿಸಿದ್ದು ಅದಕ್ಕಾಗಿ.

ಅಬೂ ಅಲೀ ಅಲ್-ಹುಸೈನ್ ಇಬ್ನ್ ಅಬ್ದುಲ್ಲಾ ಇಬ್ನ್ ಸೀನಾ ಜನಿಸಿದ್ದು ಹಿಜರಿ 370ರಲ್ಲಿ, ಅಂದರೆ ಕ್ರಿ.ಶ. 980ರಲ್ಲಿ. ಊರು ಬುಖಾರಾ ಸಮೀಪದ ಅಫ್‌ಶನಾ ಎಂಬ ಹಳ್ಳಿ. ಇಂದು ಅದು ಉಜ್ಬೇಕಿಸ್ತಾನದಲ್ಲಿದೆ. ತಂದೆ ಬಲ್ಖ್‌ನಿಂದ ಬಂದವರು, ಸಾಮಾನಿ ದೊರೆ ನೂಹ್ ಬಿನ್ ಮನ್ಸೂರರ ಕೈಕೆಳಗೆ ಅಧಿಕಾರಿಯಾಗಿದ್ದರು. ತಾಯಿಯ ಹೆಸರು ಸಿತಾರಾ. ನಮ್ಮ ಉರ್ದು ಪುಸ್ತಕಗಳಲ್ಲಿ ಇವರನ್ನು ಬೂ ಅಲೀ ಸೀನಾ ಎಂದೂ ಶೈಖುರ್ರಈಸ್ ಎಂದೂ ಕರೆಯುತ್ತಾರೆ. ಯುರೋಪಿನವರ ಬಾಯಲ್ಲಿ ಅದೇ ಹೆಸರು ಅವಿಸೆನ್ನಾ ಆಯಿತು.

ಹತ್ತು ವರ್ಷ ತುಂಬುವಾಗ ಕುರ್‌ಆನ್ ಕಂಠಪಾಠವಾಗಿತ್ತು. ಲೆಕ್ಕ ಕಲಿತದ್ದು ಯಾರಿಂದ ಗೊತ್ತೇ? ಒಬ್ಬ ತರಕಾರಿ ವ್ಯಾಪಾರಿಯಿಂದ. ಆತನಿಗೆ ಭಾರತದ ಅಂಕಗಣಿತ ಬರುತ್ತಿತ್ತು, ತಂದೆ ಮಗನನ್ನು ಅಲ್ಲಿಗೆ ಕಳಿಸಿದರು. ನಮ್ಮ ದೇಶದ ಅಂಕೆಗಳು ಬುಖಾರಾದ ತರಕಾರಿ ಅಂಗಡಿಯವರೆಗೆ ಹೋಗಿದ್ದವೆಂದರೆ ಸಂತೋಷವಾಗುತ್ತದೆ. ಮುಂದೆ ಮನೆಗೆ ಬಂದ ಗುರು ನಾತಿಲಿ ತರ್ಕಶಾಸ್ತ್ರ ಕಲಿಸಿದರು, ಆದರೆ ಶಿಷ್ಯ ಬೇಗನೆ ಗುರುವನ್ನು ದಾಟಿಹೋದರು. ವೈದ್ಯಶಾಸ್ತ್ರವನ್ನು ತಾವೇ ಓದಿಕೊಂಡರು. ಅದು ಕಠಿಣ ವಿದ್ಯೆಯೇ ಅಲ್ಲವೆಂದು ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. (ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಓದಿ ಸಿಟ್ಟಾಗಬಾರದು.) 16ನೆಯ ವಯಸ್ಸಿಗೇ ಅನುಭವಸ್ಥ ವೈದ್ಯರು ಅವರ ಬಳಿ ಪಾಠ ಕೇಳಲು ಬರುತ್ತಿದ್ದರು.

ಅವರಿಗೆ ಕಷ್ಟವಾದದ್ದು ಬೇರೆ. ಅರಿಸ್ಟಾಟಲನ ತತ್ತ್ವಮೀಮಾಂಸೆಯ ಗ್ರಂಥವನ್ನು 40 ಸಲ ಓದಿದರೂ ಅರ್ಥವಾಗಲಿಲ್ಲ. ಬಾಯಿಪಾಠವಾಯಿತೇ ಹೊರತು ತಲೆಗೆ ಹತ್ತಲಿಲ್ಲ. ಒಂದು ಸಂಜೆ ಪುಸ್ತಕದ ಪೇಟೆಯಲ್ಲಿ ದಲ್ಲಾಳಿಯೊಬ್ಬ ಒಂದು ಪುಸ್ತಕ ಹಿಡಿದು ಬೆನ್ನು ಹತ್ತಿದ. ಬೇಡವೆಂದರೂ ಬಿಡದೆ 3 ದಿರ್ಹಮಿಗೆ ಕೊಟ್ಟ. ಅದು ಅದೇ ಗ್ರಂಥದ ಉದ್ದೇಶವನ್ನು ವಿವರಿಸಿ ಫಾರಾಬಿ ಬರೆದ ಚಿಕ್ಕ ಹೊತ್ತಗೆ. ಮನೆಗೆ ಹೋಗಿ ಓದಿದೊಡನೆ ಬಾಗಿಲು ತೆರೆದಂತಾಯಿತು. ಮರುದಿನ ಸಂತೋಷದಿಂದ ಬಡವರಿಗೆ ದಾನ ಕೊಟ್ಟರು. ಬಿಡಿಸಲಾಗದ ಸಮಸ್ಯೆ ಎದುರಾದಾಗ ಮಸೀದಿಗೆ ಹೋಗಿ ನಮಾಝ್ ಮಾಡಿ ದುಆ ಮಾಡುವುದು, ರಾತ್ರಿ ದೀಪದ ಮುಂದೆ ಮತ್ತೆ ಕೂರುವುದು ಅವರ ರೂಢಿಯಾಗಿತ್ತು. ಕೆಲವು ಪ್ರಶ್ನೆಗಳಿಗೆ ನಿದ್ದೆಯಲ್ಲಿ, ಕನಸಿನಲ್ಲಿ ಉತ್ತರ ಸಿಕ್ಕಿತೆಂದೂ ಹೇಳಿಕೊಂಡಿದ್ದಾರೆ.

ಹದಿಹರೆಯ ಮುಗಿಯುವ ಮೊದಲೇ ಅವರಿಗೆ ದೊರೆ ನೂಹ್ ಬಿನ್ ಮನ್ಸೂರರಿಗೆ ಚಿಕಿತ್ಸೆ ನೀಡುವ ಅವಕಾಶ ಬಂತು. ದೊರೆ ಚೇತರಿಸಿಕೊಂಡರು. ಹುಡುಗ ಕೇಳಿದ್ದು ಅರಮನೆಯ ಗ್ರಂಥಾಲಯಕ್ಕೆ ಹೋಗಲು ಅನುಮತಿ. ಕೋಣೆಗೊಂದು ವಿಷಯ, ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ ಪುಸ್ತಕ. ಅಲ್ಲಿ ಕಂಡ ಗ್ರಂಥಗಳಲ್ಲಿ ಕೆಲವನ್ನು ಮತ್ತೆಂದೂ ಎಲ್ಲಿಯೂ ಕಾಣಲಿಲ್ಲವಂತೆ. 999ರಲ್ಲಿ ಸಾಮಾನಿ ರಾಜ್ಯ ಬಿತ್ತು, ತಂದೆಯೂ ತೀರಿಕೊಂಡರು. ಇಪ್ಪತ್ತರ ಆಸುಪಾಸಿನ ತರುಣ ಬುಖಾರಾ ಬಿಟ್ಟರು. ಅಲ್ಲಿಂದ ಸಾಯುವವರೆಗೆ ಅವರಿಗೆ ಒಂದು ಊರು ಎಂಬುದಿರಲಿಲ್ಲ.

ಗುರ್ಗಾಂಜ್, ಜುರ್ಜಾನ್, ರಯ್, ಹಮದಾನ್, ಇಸ್ಫಹಾನ್. ಒಂದೊಂದು ಕಡೆ ಒಬ್ಬೊಬ್ಬ ಅಮೀರ, ಒಂದೊಂದು ಆಪತ್ತು. ಘಜ್ನಿಯ ಸುಲ್ತಾನ್ ಮಹಮೂದ್ ವಿದ್ವಾಂಸರನ್ನು ತನ್ನ ಆಸ್ಥಾನಕ್ಕೆ ಕಳಿಸುವಂತೆ ಹೇಳಿಕಳಿಸಿದಾಗ ಇಬ್ನ್ ಸೀನಾ ತಪ್ಪಿಸಿಕೊಂಡು ಮರುಭೂಮಿ ದಾಟಿದರು, ಜೊತೆಗಿದ್ದ ಅಬೂ ಸಹ್ಲ್ ಮಸೀಹಿ ಧೂಳಿನ ಬಿರುಗಾಳಿಯಲ್ಲಿ ತೀರಿಕೊಂಡರು ಎಂಬ ಕಥೆಯನ್ನು ಹನ್ನೆರಡನೆಯ ಶತಮಾನದ ನಿಝಾಮಿ ಅರೂಝಿ ಹೇಳುತ್ತಾರೆ. ಇಬ್ನ್ ಸೀನಾ ಮಾತ್ರ ಅನಿವಾರ್ಯತೆ ಬಂತು, ಹೊರಟೆ ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. ಜುರ್ಜಾನಿನಲ್ಲಿ ಅಬೂ ಉಬೈದ್ ಜೂಝ್‌ಜಾನಿ ಎಂಬ ಶಿಷ್ಯ ಸಿಕ್ಕಿದರು. ಸುಮಾರು 25 ವರ್ಷ ಅವರು ಗುರುವಿನ ನೆರಳಿನಂತಿದ್ದರು. ಗುರು ಹೇಳಿದ ಆತ್ಮಕಥೆಯನ್ನು ಬರೆದುಕೊಂಡು, ಉಳಿದ ಭಾಗವನ್ನು ತಾವೇ ಪೂರ್ತಿ ಮಾಡಿದರು. ನಾವು ನಂಬಬಹುದಾದದ್ದು ಹೆಚ್ಚಾಗಿ ಈ ಬರಹವನ್ನೇ.

ಜುರ್ಜಾನಿನಲ್ಲಿಯೇ 'ಅಲ್-ಕಾನೂನ್ ಫಿತ್ತಿಬ್' ಎಂಬ ಮಹಾಗ್ರಂಥದ ಬರವಣಿಗೆ ಆರಂಭವಾಯಿತು. ಅದರಲ್ಲಿ ಐದು ಭಾಗಗಳಿವೆ: ವೈದ್ಯಶಾಸ್ತ್ರದ ಮೂಲತತ್ತ್ವಗಳು, ಬಿಡಿ ಔಷಧಗಳು, ತಲೆಯಿಂದ ಕಾಲಿನವರೆಗೆ ಒಂದೊಂದು ಅಂಗದ ರೋಗಗಳು, ಜ್ವರದಂತೆ ಇಡೀ ದೇಹಕ್ಕೆ ಬರುವ ರೋಗಗಳು, ಕೊನೆಗೆ ಮಿಶ್ರ ಔಷಧಗಳು. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ತೊಲೆದೊ ನಗರದಲ್ಲಿ ಕ್ರೆಮೋನಾದ ಜೆರಾರ್ಡ್ ಇದನ್ನು ಲ್ಯಾಟಿನಿಗೆ ತಂದರು. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಹದಿನೇಳನೆಯ ಶತಮಾನದವರೆಗೂ ಇದು ಪಠ್ಯವಾಗಿತ್ತು. ಈ ಸಂಗತಿಯನ್ನು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಒಳಗೆ ಏನಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಒಳಗಿರುವುದರಲ್ಲಿ ಒಂದನ್ನು ಹೇಳುತ್ತೇನೆ. ಮನುಷ್ಯನ ಆರೋಗ್ಯಕ್ಕೂ ಅನಾರೋಗ್ಯಕ್ಕೂ ಕಾರಣವಾಗುವ, ಯಾರೂ ತಪ್ಪಿಸಿಕೊಳ್ಳಲಾಗದ ಆರು ಸಂಗತಿಗಳನ್ನು ಆ ಗ್ರಂಥ ಹೆಸರಿಸುತ್ತದೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದದ್ದು ಮತ್ತು ಒಳಗೆ ಉಳಿಯಬೇಕಾದದ್ದು. ನಾಲ್ಕನೆಯದನ್ನು ಗಮನಿಸಿ. ಸಿಟ್ಟು, ಭಯ, ದುಃಖ, ಸಂತೋಷ, ನಾಚಿಕೆ ಇವೆಲ್ಲ ಅವರ ಲೆಕ್ಕದಲ್ಲಿ ಗಾಳಿ ನೀರಿನಷ್ಟೇ ನಿಜವಾದ ಕಾರಣಗಳು. ಯುನಾನಿ ಹಕೀಮರು ಇಂದಿಗೂ ಇದನ್ನು 'ಅಸ್ಬಾಬೆ ಸಿತ್ತಾ ಝರೂರಿಯಾ' ಎಂದು ಕಲಿಯುತ್ತಾರೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ, ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆಯಲ್ಲ, ಅಲ್ಲಿ ಓದುವ ನಮ್ಮ ಹುಡುಗ ಹುಡುಗಿಯರನ್ನು ಕೇಳಿ ನೋಡಿ, ಆರನ್ನೂ ಬೆರಳು ಮಡಿಚಿ ಹೇಳುತ್ತಾರೆ.

ಇನ್ನು ನಾಡಿಯ ಕಥೆ. ನಿಝಾಮಿ ಅರೂಝಿ ಹೇಳುವಂತೆ ಜುರ್ಜಾನಿನ ಅಮೀರರ ಬಂಧುವಾದ ಯುವಕನೊಬ್ಬ ಹಾಸಿಗೆ ಹಿಡಿದಿದ್ದ. ಯಾವ ವೈದ್ಯರಿಗೂ ರೋಗ ತಿಳಿಯಲಿಲ್ಲ. ಇಬ್ನ್ ಸೀನಾ ನಾಡಿ ಹಿಡಿದು ಕುಳಿತರು. ಊರು ಬಲ್ಲ ಒಬ್ಬನಿಂದ ಬಡಾವಣೆಗಳ ಹೆಸರು ಹೇಳಿಸಿದರು. ಒಂದು ಬಡಾವಣೆಯ ಹೆಸರಿಗೆ ನಾಡಿ ಹಾರಿತು. ಆಮೇಲೆ ಅಲ್ಲಿನ ಬೀದಿಗಳು, ಆ ಬೀದಿಯ ಮನೆಗಳು, ಆ ಮನೆಯವರ ಹೆಸರುಗಳು. ಒಂದು ಹೆಣ್ಣುಮಗಳ ಹೆಸರಿನಲ್ಲಿ ನಾಡಿ ಮತ್ತೆ ತತ್ತರಿಸಿತು. ಇವನಿಗಿರುವುದು ಪ್ರೇಮದ ಕಾಯಿಲೆ, ಮದುವೆ ಮಾಡಿಸಿ ಎಂದರು.

ಕಥೆ ಚೆನ್ನಾಗಿದೆ, ಆದರೆ ಒಂದು ತೊಡಕು ಇದೆ. ಕಥೆಯಲ್ಲಿ ಬರುವ ಅಮೀರ ಕಾಬೂಸ್ ಇಬ್ನ್ ಸೀನಾ ಜುರ್ಜಾನ್ ತಲುಪುವ ಮೊದಲೇ ಸೆರೆಯಾಗಿ ಸತ್ತಿದ್ದರು. ಹೃದಯದ ಗುಟ್ಟನ್ನು ನಾಡಿಯಿಂದ ಹಿಡಿದ ಇಂಥದೇ ಕಥೆಗಳನ್ನು ಗ್ರೀಕ್ ವೈದ್ಯರಾದ ಎರಾಸಿಸ್ಟ್ರಾಟಸ್ ಮತ್ತು ಗ್ಯಾಲೆನ್ ಬಗ್ಗೆಯೂ ಹೇಳುತ್ತಾರೆ. ಹಾಗೆಂದು ಎಲ್ಲವೂ ಕಟ್ಟುಕಥೆ ಎಂದು ಬಿಡಬೇಡಿ. 'ಕಾನೂನ್' ಗ್ರಂಥದ ಮೂರನೆಯ ಭಾಗದಲ್ಲಿ, ತಲೆಯ ರೋಗಗಳ ಸಾಲಿನಲ್ಲಿ, ಇದೇ ವಿಧಾನವನ್ನು ಸ್ವತಃ ಇಬ್ನ್ ಸೀನಾ ವಿವರಿಸಿದ್ದಾರೆ: ನಾಡಿಯ ಮೇಲೆ ಬೆರಳಿಡಬೇಕು, ಹೆಸರುಗಳನ್ನು ಹೇಳಿಸಬೇಕು, ಬದಲಾವಣೆ ಕಂಡಲ್ಲಿ ಮತ್ತೆ ಮತ್ತೆ ಪರೀಕ್ಷಿಸಬೇಕು. ತಾನೇ ಪ್ರಯೋಗಿಸಿ ನೋಡಿದ್ದೇನೆ ಎಂದೂ ತಿಳಿಸಿದ್ದಾರೆ. ಬೇರೆ ಮದ್ದು ನಾಟದಿದ್ದರೆ ಧರ್ಮ ಮತ್ತು ಕಾನೂನು ಒಪ್ಪುವ ರೀತಿಯಲ್ಲಿ ಇಬ್ಬರನ್ನೂ ಸೇರಿಸುವುದೇ ಚಿಕಿತ್ಸೆ. ಒಣಗಿ ಕಡ್ಡಿಯಾಗಿದ್ದ ರೋಗಿಯೊಬ್ಬ ಹೀಗೆ ಬಹಳ ಬೇಗ ಚೇತರಿಸಿಕೊಂಡದ್ದನ್ನು ಅವರು ಅಚ್ಚರಿಯಿಂದ ದಾಖಲಿಸಿದ್ದಾರೆ.

ಕಥೆ ಮತ್ತು ದಾಖಲೆಯ ವ್ಯತ್ಯಾಸವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇತ್ತೀಚೆಗೆ ಮೊಬೈಲಿನಲ್ಲಿ ಒಂದು ಸಂದೇಶ ಸುತ್ತಾಡುತ್ತಿದೆ. ಇಬ್ನ್ ಸೀನಾ ಎರಡು ಕುರಿಮರಿಗಳನ್ನು ಬೇರೆ ಬೇರೆ ಗೂಡಿನಲ್ಲಿಟ್ಟರಂತೆ, ಒಂದಕ್ಕೆ ಮಾತ್ರ ತೋಳ ಕಾಣುವಂತೆ ಮಾಡಿದರಂತೆ, ಅದು ಹೆದರಿ ಸೊರಗಿ ಸತ್ತಿತಂತೆ. ನಾನೂ ಇದನ್ನು ಪ್ರಾರ್ಥನಾ ಸಭೆಯಲ್ಲಿ ಹೇಳಿಬಿಟ್ಟಿದ್ದೆ! ಜೂಝ್‌ಜಾನಿ ಬರೆದ ಜೀವನಚರಿತ್ರೆಯಲ್ಲಿ ಈ ಪ್ರಯೋಗದ ಸುಳಿವೇ ಇಲ್ಲ. 'ಶಿಫಾ' ಗ್ರಂಥದ ಆತ್ಮದ ಕುರಿತ ಭಾಗದಲ್ಲಿ ಕುರಿಯೂ ಇದೆ, ತೋಳವೂ ಇದೆ. ಆದರೆ ಅಲ್ಲಿನ ಮಾತು ಬೇರೆ. ತೋಳದ ಬಣ್ಣ, ಆಕಾರ ಕಣ್ಣಿಗೆ ಕಾಣುತ್ತದೆ. ಅದರ ಹಗೆತನ ಕಣ್ಣಿಗೆ ಕಾಣುವ ವಸ್ತುವಲ್ಲ. ಆದರೂ ಕುರಿಗೆ ಅದು ತಿಳಿಯುತ್ತದೆ, ಓಡುತ್ತದೆ. ಹೀಗೆ ತಿಳಿಯುವ ಒಳಗಿನ ಶಕ್ತಿಗೆ ಅವರು 'ವಹ್ಮ್' ಎಂದು ಹೆಸರಿಟ್ಟರು. ಉರ್ದುವಿನಲ್ಲಿ ಈ ಪದ ಇಂದು ಬರಿಯ ಭ್ರಮೆ ಎಂಬ ಅರ್ಥಕ್ಕೆ ಇಳಿದಿದೆ.

ಅದೇ ಜಾಗದಲ್ಲಿ ನಾಯಿಯ ಉದಾಹರಣೆಯೂ ಬರುತ್ತದೆ. ಕಲ್ಲಿನಿಂದ, ಕೋಲಿನಿಂದ ಪೆಟ್ಟು ತಿಂದ ನಾಯಿ ಮುಂದೆ ಕೋಲು ಕಂಡರೆ ಸಾಕು ನಡುಗುತ್ತದೆ, ಏಕೆಂದರೆ ಕೋಲಿನ ಚಿತ್ರದ ಜೊತೆ ನೋವಿನ ನೆನಪು ಅಂಟಿಕೊಂಡಿದೆ. ನಾನು ಬಿ.ಎಡ್. ಓದುವಾಗ ಪಾವ್ಲೋವನ ನಾಯಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದೇನೆ. ಇಬ್ನ್ ಸೀನಾರ ನಾಯಿಯನ್ನು ಯಾರೂ ತೋರಿಸಿರಲಿಲ್ಲ. ಪಾವ್ಲೋವ್ ಅಳತೆ ಮಾಡಿ ಪ್ರಯೋಗಶಾಲೆಯಲ್ಲಿ ತೋರಿಸಿದರು, ಆ ಶ್ರೇಯಸ್ಸು ಅವರದೇ. ನನ್ನ ತರಗತಿಯ ಹುಡುಗಿಯ ವಿಷಯಕ್ಕೆ ಬಂದರೆ, ಅವಳ ಪಾಲಿಗೆ ಕೋಲು ಉಕ್ತಲೇಖನ. ಕೋಲು ಹಿಡಿದವನು ನಾನು.

ಹಲಗೆಯ ಉದಾಹರಣೆ ಇನ್ನೂ ಸೊಗಸಾಗಿದೆ. ಒಂದು ಹಲಗೆಯನ್ನು ನೆಲದ ಮೇಲಿಟ್ಟರೆ ಯಾರು ಬೇಕಾದರೂ ಅದರ ಮೇಲೆ ನಡೆದುಹೋಗುತ್ತಾರೆ. ಅದೇ ಹಲಗೆಯನ್ನು ಆಳವಾದ ಕಂದಕದ ಮೇಲೆ ಹಾಕಿದರೆ ಕಾಲು ಏಳುವುದಿಲ್ಲ. ಬೀಳುವ ಚಿತ್ರ ಮನಸ್ಸಿನಲ್ಲಿ ಎಷ್ಟು ಬಲವಾಗಿ ಮೂಡುತ್ತದೆಂದರೆ ದೇಹ ಅದರಂತೆಯೇ ನಡೆದುಕೊಳ್ಳುತ್ತದೆ. ಗುಣವಾಗುತ್ತೇನೆಂದು ದೃಢವಾಗಿ ನಂಬಿದ ರೋಗಿ ಗುಣವಾಗುವುದುಂಟು, ರೋಗಿಯಾಗಿದ್ದೇನೆಂದು ನಂಬಿದ ಆರೋಗ್ಯವಂತ ಮಲಗುವುದೂ ಉಂಟು ಎಂಬ ಅಭಿಪ್ರಾಯವನ್ನು ಅವರು ಇಲ್ಲಿಯೇ ಮಂಡಿಸುತ್ತಾರೆ. ಇಂದಿನ ವೈದ್ಯರು ಮೊದಲನೆಯದನ್ನು ಪ್ಲಸೀಬೊ ಪರಿಣಾಮ, ಎರಡನೆಯದನ್ನು ನೊಸೀಬೊ ಪರಿಣಾಮ ಎನ್ನುತ್ತಾರೆ. ಹೊಸ ಔಷಧವನ್ನು ಪರೀಕ್ಷಿಸುವಾಗ ಕೆಲವರಿಗೆ ಮದ್ದಿಲ್ಲದ ಮಾತ್ರೆ ಕೊಡುವುದು ಇದೇ ಕಾರಣಕ್ಕೆ.

ಹಾಗಾದರೆ ಎಲ್ಲವನ್ನೂ ಇಬ್ನ್ ಸೀನಾ ಆಗಲೇ ಹೇಳಿಬಿಟ್ಟಿದ್ದರೆ? ಇಲ್ಲ. ಮನಸ್ಸು ದೇಹವನ್ನು ತಟ್ಟುವ ದಾರಿಯನ್ನು ಅವರು ಹೃದಯದಿಂದ ಹೊರಡುವ 'ರೂಹ್' ಎಂಬ ಸೂಕ್ಷ್ಮ ಆವಿಯಿಂದಲೂ ನಾಲ್ಕು ರಸಗಳಿಂದಲೂ ವಿವರಿಸಿದರು. ಆ ವಿವರಣೆ ಇಂದು ನಿಲ್ಲುವುದಿಲ್ಲ. ಭಯವಾದಾಗ ಅಡ್ರಿನಲ್ ಗ್ರಂಥಿಯಿಂದ ರಕ್ತಕ್ಕೆ ರಸ ಹರಿದು ಎದೆಬಡಿತ ಏರುತ್ತದೆ, ಜೀರ್ಣಕ್ರಿಯೆ ತಗ್ಗುತ್ತದೆ ಎಂಬುದನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಪರೀಕ್ಷೆಯ ದಿನ ತಿಂಡಿ ನಿಲ್ಲದಿರುವುದು ಏಕೆ ಎಂದು ಈಗ ತಿಳಿಯಿತಲ್ಲ? 1936ರಲ್ಲಿ ಹಾನ್ಸ್ ಸೆಲ್ಯೆ, ಬೇರೆ ಬೇರೆ ಹಿಂಸೆಗಳಿಗೆ ಇಲಿಗಳ ದೇಹ ಒಂದೇ ಬಗೆಯಲ್ಲಿ ಸೊರಗುವುದನ್ನು ವರದಿ ಮಾಡಿದರು. ಒತ್ತಡ ಎಂಬ ಮಾತು ವೈದ್ಯಶಾಸ್ತ್ರದಲ್ಲಿ ಬೇರೂರಿದ್ದು ಮುಂದೆ ಅವರಿಂದಲೇ. 1975ರಲ್ಲಿ ರಾಬರ್ಟ್ ಏಡರ್ ಮತ್ತು ನಿಕೊಲಸ್ ಕೋಹೆನ್ ಇಲಿಗಳಿಗೆ ಸಿಹಿನೀರಿನ ಜೊತೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಕೊಟ್ಟರು. ಆಮೇಲೆ ಬರಿಯ ಸಿಹಿನೀರು ಕುಡಿದಾಗಲೂ ಆ ಶಕ್ತಿ ಕುಗ್ಗಿತು. ನಾಯಿಗೆ ಕೋಲು ನೆನಪಾದಂತೆ, ಇಲಿಯ ದೇಹಕ್ಕೆ ಔಷಧ ನೆನಪಾಯಿತು. ಮನಸ್ಸು ಮತ್ತು ದೇಹದ ನಂಟನ್ನು ಕುರಿತ ಇಂದಿನ ಸಂಶೋಧನೆ ಈ ದಾರಿಯಲ್ಲಿ ಬೆಳೆದಿದೆ.

ಒಂದು ಎಚ್ಚರಿಕೆ. ಈ ಮಾತುಗಳನ್ನು ಹಿಡಿದುಕೊಂಡು ಸಕ್ಕರೆ ಕಾಯಿಲೆಯ, ಕ್ಯಾನ್ಸರಿನ ಔಷಧವನ್ನು ನಿಲ್ಲಿಸಿದವರನ್ನು ಕಂಡಿದ್ದೇನೆ. ಇಬ್ನ್ ಸೀನಾ ಹಾಗೆ ಹೇಳಲಿಲ್ಲ. ಔಷಧಗಳಿಗಾಗಿಯೇ ಎರಡು ಭಾಗ ಬರೆದವರು ಅವರು. ಒತ್ತಡದಿಂದಲೇ ಬರುತ್ತದೆಂದು ಬಹುಕಾಲ ನಂಬಿದ್ದ ಹೊಟ್ಟೆಹುಣ್ಣಿಗೆ ಹೆಚ್ಚಿನ ಸಂದರ್ಭಗಳಲ್ಲಿ ಒಂದು ಬ್ಯಾಕ್ಟೀರಿಯಾ ಅಥವಾ ನೋವಿನ ಮಾತ್ರೆಗಳು ಕಾರಣವೆಂದು ಈಗ ಗೊತ್ತಾಗಿದೆ.

ಶಿಕ್ಷಕ ಮಿತ್ರರಿಗಾಗಿ ಒಂದು ಸಂಗತಿ. ಮಗುವಿನ ಪಾಲನೆಯ ಅಧ್ಯಾಯದಲ್ಲಿ ಇಬ್ನ್ ಸೀನಾ, ಮಗುವಿಗೆ ಅತಿಯಾದ ಸಿಟ್ಟು, ಭಯ, ದುಃಖ ತಟ್ಟದಂತೆ ನೋಡಿಕೊಳ್ಳಿ, ಇದರಿಂದ ಮನಸ್ಸಿಗೂ ದೇಹಕ್ಕೂ ಲಾಭ ಎನ್ನುತ್ತಾರೆ. 6 ವರ್ಷಕ್ಕೆ ಗುರುವಿನ ಬಳಿ ಕಳಿಸಬೇಕು, ಆದರೆ ಮೆಲ್ಲಮೆಲ್ಲನೆ. ಒಮ್ಮೆಲೇ ಪುಸ್ತಕಕ್ಕೆ ಕಟ್ಟಿಹಾಕಬಾರದು. ಆಟಕ್ಕೆ ಹೊತ್ತು ಕೊಡಬೇಕು. ಮೂರು ವರ್ಷದ ಮಗುವಿಗೆ ಮನೆಪಾಠ ಹುಡುಕುವ ತಂದೆತಾಯಿಗಳು ಇದನ್ನು ಎರಡು ಸಲ ಓದಲಿ.

ಇಷ್ಟೆಲ್ಲ ಬರೆದವರ ಬದುಕಿನಲ್ಲಿ ಮಾತ್ರ ವಿಶ್ರಾಂತಿಯೇ ಇರಲಿಲ್ಲ. ರಯ್‌ನಲ್ಲಿ ವಿಷಣ್ಣತೆಯ ಕಾಯಿಲೆಯಿಂದ ಬಳಲುತ್ತಿದ್ದ ಅಮೀರ ಮಜ್ದುದ್ದೌಲಾರಿಗೆ ಚಿಕಿತ್ಸೆ ಮಾಡಿದರು. ಹಮದಾನಿನಲ್ಲಿ ಶಂಸುದ್ದೌಲಾರ ಹೊಟ್ಟೆಶೂಲೆ ವಾಸಿ ಮಾಡಿ ಅವರ ವಝೀರರಾದರು. ಸೈನಿಕರು ದಂಗೆಯೆದ್ದು ಮನೆ ಲೂಟಿ ಮಾಡಿ, ಇವರ ತಲೆ ಬೇಕೆಂದರು. 40 ದಿನ ಒಬ್ಬರ ಮನೆಯಲ್ಲಿ ಅಡಗಿದ್ದರು. ಅಮೀರರಿಗೆ ಮತ್ತೆ ಶೂಲೆ ಬಂತು, ಹುಡುಕಿಸಿ ಕರೆಸಿ ಕ್ಷಮೆ ಕೇಳಿ ಮತ್ತೆ ವಝೀರರನ್ನಾಗಿ ಮಾಡಿದರು. ಹಗಲೆಲ್ಲ ದರ್ಬಾರು, ಬರವಣಿಗೆಗೂ ಪಾಠಕ್ಕೂ ಉಳಿದದ್ದು ರಾತ್ರಿ. ಹೃದಯದ ಔಷಧಗಳ ಬಗ್ಗೆ ಹಮದಾನಿನಲ್ಲಿ ಬರೆದ ಚಿಕ್ಕ ಗ್ರಂಥದಲ್ಲಿ ಅರ್ಧದಷ್ಟು ಸಂತೋಷ ದುಃಖಗಳ ವಿಚಾರವೇ ಇದೆ. ಪದೇ ಪದೇ ದುಃಖಪಟ್ಟವನು ಸಣ್ಣದಕ್ಕೂ ದುಃಖಿಸಲು ಸಿದ್ಧನಾಗಿರುತ್ತಾನೆ, ಪದೇ ಪದೇ ಸಂತೋಷಪಟ್ಟವನು ಸಂತೋಷಕ್ಕೆ ಸಿದ್ಧನಾಗುತ್ತಾನೆ ಎಂಬುದು ಅದರ ವಿಚಾರ. ತಲೆಯ ಮೇಲೆ ಕತ್ತಿ ತೂಗುತ್ತಿದ್ದಾಗ ಇದನ್ನು ಬರೆದರಲ್ಲ!

1021ರಲ್ಲಿ ಶಂಸುದ್ದೌಲಾ ತೀರಿಕೊಂಡ ಮೇಲೆ ಒಬ್ಬ ಅತ್ತಾರರ ಮನೆಯಲ್ಲಿ ಅಡಗಿ, ಎದುರಿಗೆ ಒಂದೂ ಪುಸ್ತಕವಿಲ್ಲದೆ ದಿನಕ್ಕೆ 50 ಹಾಳೆಯಂತೆ 'ಶಿಫಾ' ಬರೆದರು. ಹಿಡಿದು ಫರ್ದಜಾನ್ ಕೋಟೆಯಲ್ಲಿ 4 ತಿಂಗಳು ಸೆರೆಯಲ್ಲಿಟ್ಟರು, ಅಲ್ಲಿಯೂ ಬರೆದರು. ಕೊನೆಗೆ ತಮ್ಮ, ಜೂಝ್‌ಜಾನಿ ಮತ್ತು ಇಬ್ಬರು ಗುಲಾಮರೊಂದಿಗೆ ಸೂಫಿಗಳ ವೇಷ ತೊಟ್ಟು ಇಸ್ಫಹಾನಿಗೆ ಪಾರಾದರು.

ಅಲ್ಲಿ ಅಲಾವುದ್ದೌಲಾರ ಆಶ್ರಯದಲ್ಲಿ ಗೌರವ ಸಿಕ್ಕಿತು, ಆದರೆ ಅಮೀರರ ದಂಡಿನ ಜೊತೆ ಅಲೆಯಬೇಕಿತ್ತು. ಇತರರ ಶೂಲೆ ವಾಸಿ ಮಾಡಿದವರಿಗೆ ಅದೇ ಶೂಲೆ ಬಂತು. ದಂಡು ಹಿಮ್ಮೆಟ್ಟುವಾಗ ತಾನು ಹಿಂದೆ ಉಳಿದುಬಿಟ್ಟರೆ ಎಂಬ ಭಯದಿಂದ ಒಂದೇ ದಿನ 8 ಸಲ ಎನಿಮಾ ತೆಗೆದುಕೊಂಡು ಕರುಳಿನಲ್ಲಿ ಹುಣ್ಣಾಯಿತು. ಸಹಾಯಕ್ಕಿದ್ದ ವೈದ್ಯ ಒಂದು ಬೀಜವನ್ನು ಹೇಳಿದ್ದಕ್ಕಿಂತ ಹೆಚ್ಚು ಹಾಕಿದ. ಹಣ ಕದ್ದಿದ್ದ ಸೇವಕರು ಸಿಕ್ಕಿಬೀಳುವ ಹೆದರಿಕೆಯಿಂದ ಔಷಧದಲ್ಲಿ ಅಫೀಮು ಬೆರೆಸಿದರು. ಗುರು ಪಥ್ಯವನ್ನೂ ಮಿತಿಯನ್ನೂ ಪಾಲಿಸಲಿಲ್ಲ ಎಂಬುದನ್ನು ಜೂಝ್‌ಜಾನಿ ಮುಚ್ಚಿಟ್ಟಿಲ್ಲ. ಹಮದಾನಿನ ದಾರಿಯಲ್ಲಿ ರೋಗ ಮರುಕಳಿಸಿದಾಗ, ದೇಹವನ್ನು ಆಳುತ್ತಿದ್ದ ಶಕ್ತಿ ಮುಗಿಯಿತೆಂದು ಅರಿತು ಚಿಕಿತ್ಸೆ ನಿಲ್ಲಿಸಿಬಿಟ್ಟರು. ತೌಬಾ ಮಾಡಿದರು, ಇದ್ದುದನ್ನು ಬಡವರಿಗೆ ಹಂಚಿದರು, ಗುಲಾಮರನ್ನು ಬಿಡುಗಡೆ ಮಾಡಿದರು, ಮೂರು ದಿನಕ್ಕೊಮ್ಮೆ ಕುರ್‌ಆನ್ ಪೂರ್ತಿ ಓದತೊಡಗಿದರು. ಹಿಜರಿ 428ರ ರಮಝಾನಿನಲ್ಲಿ, ಅಂದರೆ 1037ರಲ್ಲಿ, ಹಮದಾನಿನಲ್ಲಿ ತೀರಿಕೊಂಡರು. ಅವರ ಗೋರಿ ಇಂದಿಗೂ ಅಲ್ಲಿದೆ.

ತಾವು ಕಂಡ ರೋಗಿಗಳ ಅನುಭವಗಳನ್ನೆಲ್ಲ ಅವರು ಟಿಪ್ಪಣಿ ಮಾಡಿಟ್ಟುಕೊಂಡಿದ್ದರು, 'ಕಾನೂನ್' ಗ್ರಂಥಕ್ಕೆ ಸೇರಿಸಬೇಕೆಂದಿದ್ದರು. ಅದು ಪೂರ್ಣವಾಗುವ ಮೊದಲೇ ಆ ಟಿಪ್ಪಣಿಗಳು ಕಳೆದುಹೋದವು ಎಂದು ಜೂಝ್‌ಜಾನಿ ಬರೆಯುತ್ತಾರೆ. ಅವರು ಯಾರ ಯಾರ ನಾಡಿ ಹಿಡಿದು ಯಾವ ಯಾವ ಹೆಸರುಗಳನ್ನು ಹೇಳಿಸಿದರೋ, ಅವೆಲ್ಲ ಆ ಹಾಳೆಗಳಲ್ಲಿ ಇದ್ದಿರಬಹುದು.